ಸಾಲು ತೋರಿಸಿ: ಒಂದು ಒಂಬತ್ತನೆಯ ತರಗತಿಯ ಇಂಗ್ಲಿಷ್ ಓದು

ಈ ಪ್ರಕರಣದ ತರಗತಿಯಲ್ಲಿ ಚಟುವಟಿಕೆಗಳಿಗೆ ಯಾವ ಕೊರತೆಯೂ ಇರಲಿಲ್ಲ. ಗುಂಪು ಕೆಲಸ, ಪಾತ್ರಾಭಿನಯ, ರಸಪ್ರಶ್ನೆ, ಗೋಡೆಯ ತುಂಬ ಮಕ್ಕಳೇ ಬರೆದ ಚಾರ್ಟುಗಳು ಎಲ್ಲವೂ ಇದ್ದವು. ಇಷ್ಟಿದ್ದರೂ ಹೆಚ್ಚಿನ ಮಕ್ಕಳು ಇಂಗ್ಲಿಷ್ ಓದುತ್ತಿರಲಿಲ್ಲ. ಇದು ಹೇಗೆ ಸಾಧ್ಯವಾಯಿತು, ಗೊತ್ತಾದ ಮೇಲೆ ಶಿಕ್ಷಕಿ ಏನೇನು ಮಾಡಿದರು, ಯಾವುದು ಕೈಕೊಟ್ಟಿತು, ಯಾವುದು ಉಳಿಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಶಿಕ್ಷಕಿಯ ಮತ್ತು ಮಕ್ಕಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪಾಠದ ಕಥೆಯನ್ನೂ ಅದೇ ಕಾರಣಕ್ಕೆ ತುಸು ಮಾರ್ಪಡಿಸಿದ್ದೇನೆ.

ಹಿನ್ನೆಲೆ

ಒಂಬತ್ತನೆಯ ತರಗತಿ, 40ರ ಆಸುಪಾಸು ಮಕ್ಕಳು. ಉಳಿದೆಲ್ಲ ವಿಷಯಗಳನ್ನು ಮಾತೃಭಾಷೆಯಲ್ಲಿ ಕಲಿಯುವ ಇವರಿಗೆ ಇಂಗ್ಲಿಷ್ ಎರಡನೆಯ ಭಾಷೆ. ತರಗತಿಯ ಹೊರಗೆ ಅದನ್ನು ಓದುವ ಸಂದರ್ಭ ಬಹುತೇಕ ಮಕ್ಕಳಿಗೆ ಇಲ್ಲ. ಶಿಕ್ಷಕಿ ಅನುಭವಿ, ಉತ್ಸಾಹಿ. ಪಾಠ ಯೋಜನೆ ಬರೆಯದೆ ತರಗತಿಗೆ ಕಾಲಿಟ್ಟವರಲ್ಲ. ತರಬೇತಿಗಳಲ್ಲಿ ಕಲಿತದ್ದನ್ನು ಮರುದಿನವೇ ಪ್ರಯೋಗಿಸಿ ನೋಡುವವರು. ಅವರ ತರಗತಿಯನ್ನು ನೋಡಿ ಬರಲು ಬೇರೆ ಶಿಕ್ಷಕರನ್ನು ಮುಖ್ಯ ಶಿಕ್ಷಕರೇ ಕಳುಹಿಸುತ್ತಿದ್ದರು.

ತೊಂದರೆಯನ್ನು ಮೊದಲು ಗುರುತಿಸಿದವರೂ ಅವರೇ. ಘಟಕ ಪರೀಕ್ಷೆಯಲ್ಲಿ ಕಲಿಸಿದ ಪಾಠಗಳ ಪ್ರಶ್ನೆಗಳಿಗೆ ಮಕ್ಕಳು ಚೆನ್ನಾಗಿಯೇ ಉತ್ತರಿಸುತ್ತಿದ್ದರು. ಮೊದಲು ನೋಡಿರದ ಗದ್ಯಭಾಗವೊಂದನ್ನು ಕೊಟ್ಟು, ಅದನ್ನು ಓದಿ ಉತ್ತರಿಸಿ ಎಂದರೆ ಮಾತ್ರ ಉತ್ತರ ಪತ್ರಿಕೆ ಖಾಲಿ. ಇಲ್ಲವೇ ಪ್ರಶ್ನೆಯಲ್ಲಿರುವ ಯಾವುದೋ ಒಂದು ಪದ ಗದ್ಯದ ಯಾವ ಸಾಲಿನಲ್ಲಿ ಕಂಡಿತೋ ಆ ಸಾಲನ್ನು ಪೂರ್ತಿ ನಕಲು ಮಾಡಿಟ್ಟಿರುತ್ತಿದ್ದರು. ಕಲಿಸಿದ್ದು ಬರುತ್ತದೆ, ಓದಿದ್ದು ಬರುವುದಿಲ್ಲ. ಈ ಅಂತರ ಅವರನ್ನು ಕಾಡಿತು. ನಾನೂ ಇಂಗ್ಲಿಷ್ ಕಲಿಸುವವನು. ಅವರ ಕೋರಿಕೆಯಂತೆ ಆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡತೊಡಗಿದೆ.

ಓದು ಎಲ್ಲಿ ತಪ್ಪಿಹೋಗಿತ್ತು

ನಾನು ನೋಡಿದ ಮೊದಲ ಪಾಠ ನಾಲ್ಕು ಪುಟಗಳ ಒಂದು ಕಥೆ. ಅಣ್ಣ ಕೆಲಸ ಹುಡುಕಿಕೊಂಡು ದೂರದ ನಗರಕ್ಕೆ ಹೊರಟಿದ್ದಾನೆ. ಅವನು ಹೋಗದಿರಲಿ ಎಂದು ತಂಗಿ ರಾತ್ರಿಯೇ ಅವನ ಶೂಗಳನ್ನು ಬಚ್ಚಿಡುತ್ತಾಳೆ. ಬೆಳಗಿನ ಜಾವ ಅವನು ಹುಡುಕುತ್ತಾನೆ, ಅವಳು ನಿದ್ದೆ ಬಂದವಳಂತೆ ಮಲಗಿರುತ್ತಾಳೆ. ಕೊನೆಗೆ ಅವನು ಹಳೆಯ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾನೆ.

ಪಾಠ ಸಾಗಿದ್ದು ಹೀಗೆ. ಮೊದಲ ಅವಧಿಯಲ್ಲಿ ಶಿಕ್ಷಕಿ ಕಥೆಯನ್ನು ಮಾತೃಭಾಷೆಯಲ್ಲಿ ಸೊಗಸಾಗಿ ಹೇಳಿದರು. ಎರಡನೆಯದರಲ್ಲಿ ಮಕ್ಕಳು ಸರದಿಯಂತೆ ಎದ್ದು ನಿಂತು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಿದರು. ಮೂರನೆಯದರಲ್ಲಿ ಗುಂಪುಗಳಾಗಿ ಪಾತ್ರಾಭಿನಯ. ನಾಲ್ಕನೆಯದರಲ್ಲಿ ಪ್ರಶ್ನೋತ್ತರ.

ಪಾತ್ರಾಭಿನಯ ಬಹಳ ಲವಲವಿಕೆಯಿಂದ ನಡೆಯಿತು. ಎಲ್ಲ ಗುಂಪುಗಳಲ್ಲೂ ತಾಯಿಯ ಪಾತ್ರವೇ ಮುಖ್ಯವಾಗಿತ್ತು. ತಾಯಿ ತಂಗಿಯನ್ನು ಹಿಡಿದೆಳೆದು ಬೈದಳು, ಅತ್ತಳು, ಮಗನನ್ನು ಅಪ್ಪಿಕೊಂಡು ಬುದ್ಧಿ ಹೇಳಿದಳು. ತರಗತಿ ಚಪ್ಪಾಳೆ ತಟ್ಟಿತು. ನನ್ನ ಮುಂದೆ ತೆರೆದಿದ್ದ ಪಠ್ಯದಲ್ಲಿ ತಾಯಿ ಒಂದೇ ಒಂದು ಮಾತನ್ನೂ ಆಡುವುದಿಲ್ಲ. ಆ ಕಥೆಯ ಜೀವ ಇರುವುದೇ ಅವಳ ಮೌನದಲ್ಲಿ. ಅದನ್ನು ಓದಿದ ಯಾರೂ ಬೈಯುವ ತಾಯಿಯನ್ನು ವೇದಿಕೆಗೆ ತರಲಾರರು. ಮಕ್ಕಳು ಅಭಿನಯಿಸಿದ್ದು ಕೇಳಿದ ಕಥೆಯನ್ನು ಮತ್ತು ಗೈಡಿನ ಸಾರಾಂಶವನ್ನು.

ಅಂದು ಸಂಜೆ ನಾವಿಬ್ಬರೂ ಆ ನಾಲ್ಕು ಅವಧಿಗಳನ್ನು ಬೇರೊಂದು ದೃಷ್ಟಿಯಿಂದ ಲೆಕ್ಕ ಹಾಕಿದೆವು: ಒಬ್ಬ ಸಾಮಾನ್ಯ ವಿದ್ಯಾರ್ಥಿಯ ಕಣ್ಣು ಅರ್ಥಕ್ಕಾಗಿ ಇಂಗ್ಲಿಷ್ ವಾಕ್ಯಗಳ ಮೇಲೆ ಎಷ್ಟು ಹೊತ್ತು ಓಡಾಡಿರಬಹುದು? ಸರದಿ ಓದಿನಲ್ಲಿ ಒಂದು ಮಗುವಿನ ಪಾಲಿಗೆ ಬರುವುದು ಒಂದು ನಿಮಿಷ. ಉಳಿದ ಹೊತ್ತಿನಲ್ಲಿ ಮಗು ತನ್ನ ಪ್ಯಾರಾ ಯಾವುದೆಂದು ಎಣಿಸಿಕೊಂಡು, ಅದರಲ್ಲಿರುವ ಕಷ್ಟದ ಪದಗಳನ್ನು ಮನಸ್ಸಿನಲ್ಲೇ ಉಚ್ಚರಿಸಿ ಸಿದ್ಧವಾಗುತ್ತಿರುತ್ತದೆ. ತನ್ನ ಸರದಿ ಮುಗಿದ ಮೇಲೆ ಪುಸ್ತಕದ ಜೊತೆಗಿನ ಸಂಬಂಧವೂ ಮುಗಿಯುತ್ತದೆ. ಗುಂಪಿನಲ್ಲಿ ಓದಬಲ್ಲ ಒಬ್ಬರು ಓದಿ ಹೇಳುತ್ತಾರೆ, ಉಳಿದವರು ಚಾರ್ಟಿಗೆ ಬಣ್ಣ ಹಚ್ಚುತ್ತಾರೆ. ಪ್ರಶ್ನೋತ್ತರ ಬೋರ್ಡಿನಿಂದ ನೋಟ್ಸಿಗೆ ಇಳಿಯುತ್ತದೆ. ಲೆಕ್ಕ ಮುಗಿದಾಗ ಇಬ್ಬರಿಗೂ ಸಂಕಟವಾಯಿತು.

ಇದು ಒಂದು ಶಾಲೆಯ ಕಥೆ ಮಾತ್ರವಾಗಿರಲಿಲ್ಲ. ಅಮೆರಿಕದ ಸಂಶೋಧಕಿ ಡೊಲೊರೆಸ್ ಡರ್ಕಿನ್ 1970ರ ದಶಕದ ಕೊನೆಯಲ್ಲಿ ಪ್ರಾಥಮಿಕ ತರಗತಿಗಳಲ್ಲಿ ಕುಳಿತು ಓದಿನ ಪಾಠಗಳನ್ನು ಗಮನಿಸಿದ್ದರು. ಅರ್ಥ ಮಾಡಿಕೊಳ್ಳುವುದು ಹೇಗೆಂದು ಕಲಿಸುವುದಕ್ಕೆ ಶೇಕಡಾ ಒಂದರಷ್ಟು ಸಮಯವೂ ಸಂದಿರಲಿಲ್ಲ. ಸಮಯವೆಲ್ಲ ಹೋಗಿದ್ದು ಅರ್ಥವಾಗಿದೆಯೇ ಎಂದು ಪರೀಕ್ಷಿಸುವುದಕ್ಕೆ ಮತ್ತು ಅಭ್ಯಾಸ ಹಾಳೆಗಳಿಗೆ.

ಮುಂದಿನ ಹೆಜ್ಜೆ ಇಡುವ ಮೊದಲು ಶಿಕ್ಷಕಿ ಒಂದು ಒಳ್ಳೆಯ ತೀರ್ಮಾನ ಮಾಡಿದರು. ಬಿಡುವಿನ ಅವಧಿಗಳಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಚಿಕ್ಕ ಪ್ಯಾರಾ ಓದಿಸಿದರು. ಬಳಿಕ ಪುಸ್ತಕ ಮುಚ್ಚಿ, ಇದರಲ್ಲಿ ಏನಾಯಿತೆಂದು ನಿನ್ನ ಭಾಷೆಯಲ್ಲೇ ಹೇಳು ಎಂದರು. ಅಕ್ಷರ ಕೂಡಿಸಿ ಪದ ಓದಲಾರದ ಮಕ್ಕಳು ಅವರು ಹೆದರಿದ್ದಕ್ಕಿಂತ ಕಡಿಮೆ, ಬೆರಳೆಣಿಕೆಯಷ್ಟೇ ಇದ್ದರು. ತಡವರಿಸಿದರೂ ಓದಿ ಅರ್ಥ ಹೇಳಬಲ್ಲವರು ಕೆಲವರಿದ್ದರು. ಎಲ್ಲಕ್ಕಿಂತ ದೊಡ್ಡದು ಮೂರನೆಯ ಗುಂಪು: ಸರಾಗವಾಗಿ ಓದುತ್ತಾರೆ, ಅರ್ಥ ಹೇಳಲಾರರು. ಸ್ಪಷ್ಟ ಉಚ್ಚಾರಣೆಗೆ ಹೆಸರಾಗಿದ್ದ, ಶಾಲೆಯ ಪ್ರತಿ ಸಮಾರಂಭದಲ್ಲೂ ಇಂಗ್ಲಿಷಿನಲ್ಲಿ ಸ್ವಾಗತ ಕೋರುತ್ತಿದ್ದ ಹುಡುಗಿಯೊಬ್ಬಳು ಪ್ಯಾರಾವನ್ನು ಒಂದು ತಪ್ಪೂ ಇಲ್ಲದೆ ಓದಿ ಮುಗಿಸಿದಳು. ಅದರಲ್ಲಿ ಯಾರು ಯಾರಿಗೆ ಹಣ ಕೊಟ್ಟರು ಎಂಬುದನ್ನು ಹೇಳಲು ಅವಳಿಂದ ಆಗಲಿಲ್ಲ. ಸರದಿ ಓದು ಅವಳನ್ನು ಒಳ್ಳೆಯ ಓದುಗಾರ್ತಿಯೆಂದು ವರ್ಷಗಟ್ಟಲೆ ತೋರಿಸುತ್ತ ಬಂದಿತ್ತು. ಇಂಥ ಮಕ್ಕಳ ಬಗ್ಗೆ ನನಗೆ ಹೆಚ್ಚು ಕಳವಳ. ಓದಲು ಬಾರದವರು ಎಲ್ಲರಿಗೂ ಕಾಣುತ್ತಾರೆ, ಇವರು ಯಾರಿಗೂ ಕಾಣುವುದಿಲ್ಲ.

ಕೈಗೂಡದ ಪ್ರಯತ್ನಗಳು

ಮೊದಲು ಮಾಡಿದ್ದು ಮೌನ ವಾಚನ. ಗ್ರಂಥಾಲಯದ ಇಂಗ್ಲಿಷ್ ಕಥೆ ಪುಸ್ತಕಗಳನ್ನು ತರಗತಿಗೆ ತಂದು, ಇಷ್ಟವಾದದ್ದನ್ನು ಆರಿಸಿಕೊಂಡು ಅವಧಿಯ ಮೊದಲ ಕಾಲು ಗಂಟೆ ಸುಮ್ಮನೆ ಓದಿ ಎಂದರು. ತರಗತಿ ನಿಶ್ಶಬ್ದವಾಯಿತು. ನೋಡುವವರಿಗೆ ಅದು ಯಶಸ್ಸಿನಂತೆಯೇ ಕಾಣುತ್ತಿತ್ತು. ಬೆಂಚುಗಳ ನಡುವೆ ನಡೆದು ನೋಡಿದರೆ ಪುಟಗಳು ತಿರುಗುವ ವೇಗಕ್ಕೂ ಅವುಗಳಲ್ಲಿದ್ದ ಪದಗಳಿಗೂ ಹೊಂದಾಣಿಕೆಯೇ ಇರಲಿಲ್ಲ. ಚಿತ್ರಗಳಿದ್ದ ಪುಟಗಳಲ್ಲಷ್ಟೇ ಕಣ್ಣು ನಿಲ್ಲುತ್ತಿತ್ತು.

ಇದಕ್ಕೆ ಸೋಮಾರಿತನ ಕಾರಣವಲ್ಲ. 2000ದಲ್ಲಿ ಸಂಶೋಧಕರಾದ ಹೂ ಮತ್ತು ಪಾಲ್ ನೇಶನ್ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಎರಡನೆಯ ಭಾಷೆಯಲ್ಲಿ ಕಥೆಯೊಂದನ್ನು ಯಾರ ನೆರವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಬೇಕಾದರೆ ಅದರ ಪದಗಳಲ್ಲಿ ಶೇಕಡಾ 98ರಷ್ಟು ಓದುಗರಿಗೆ ಮೊದಲೇ ಗೊತ್ತಿರಬೇಕು. ಅಂದರೆ 50 ಪದಗಳಿಗೆ ಗೊತ್ತಿಲ್ಲದ್ದು ಒಂದೇ ಒಂದು. ಐದರಲ್ಲೊಂದು ಪದ ತಿಳಿಯದಿದ್ದಾಗ ಅವರ ಪ್ರಯೋಗದಲ್ಲಿ ಯಾರಿಗೂ ಕಥೆ ಸಾಕಷ್ಟು ದಕ್ಕಲಿಲ್ಲ. ನಾವು ತಂದಿದ್ದ ಪುಸ್ತಕಗಳಲ್ಲಿ ಒಂದು ಪುಟ ತೆರೆದು, ಗೊತ್ತಿಲ್ಲದ ಪದಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ ಎಂದಾಗ, ಒಂದೊಂದು ಸಾಲಿನಲ್ಲೇ ಎರಡು ಮೂರು ಗೆರೆಗಳು ಬಿದ್ದವು. ಅಂಥ ಪುಟದ ಮುಂದೆ ಮಗುವನ್ನು ಕೂರಿಸಿ ಓದಿನ ಸುಖ ಸಿಗಲಿ ಎಂದು ಕಾಯುವುದು ಅನ್ಯಾಯ. ಅಮೆರಿಕದ ರಾಷ್ಟ್ರೀಯ ಓದು ಮಂಡಳಿಯು 2000ದ ವರದಿಯಲ್ಲಿ, ಮಾರ್ಗದರ್ಶನವಿಲ್ಲದ ಮೌನ ವಾಚನದಿಂದ ಓದಿನ ಸರಾಗತೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ ಎಂದು ಹೇಳಿತ್ತು. ಆ ಮಾತಿನಿಂದ ಮೌನ ವಾಚನವೇ ವ್ಯರ್ಥ ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಶಿಕ್ಷಕಿ ಕೂಡ ಅದನ್ನು ಕೈಬಿಡಲಿಲ್ಲ. ಕಾಲು ಗಂಟೆಯನ್ನು ಅರ್ಧ ಪುಟಕ್ಕೆ ಇಳಿಸಿದರು, ಅದರ ಜೊತೆಗೆ ಒಂದು ಪ್ರಶ್ನೆಯನ್ನು ಕಟ್ಟಿದರು. ಅದರ ವಿವರ ಮುಂದೆ ಬರುತ್ತದೆ.

ಎರಡನೆಯದು, ಪಾಠವನ್ನು ತುಂಡುಗಳಾಗಿ ಹಂಚುವ ವಿಧಾನ. ಎಲಿಯಟ್ ಆರೊನ್ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದ ಶಾಲೆಗಳಲ್ಲಿ ಇದನ್ನು ರೂಪಿಸಿದ್ದರು. ಬೇರೆ ಬೇರೆ ಜನಾಂಗಗಳ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಯಲ್ಲಿ ಕೂರತೊಡಗಿದ್ದ ಕಾಲ ಅದು. ಒಬ್ಬೊಬ್ಬರ ಬಳಿ ಒಂದೊಂದು ತುಂಡು ಮಾತ್ರ ಇರುವುದರಿಂದ ಎಲ್ಲರಿಗೂ ಎಲ್ಲರೂ ಬೇಕಾಗುತ್ತಾರೆ ಎಂಬುದು ಅದರ ತಿರುಳು. ಉದ್ದೇಶ ಬಹಳ ದೊಡ್ಡದು. ನಮ್ಮ ತರಗತಿಯಲ್ಲಿ ನಡೆದದ್ದು ಬೇರೆ. ಓದಲು ಕಷ್ಟಪಡುವ ಹುಡುಗನ ತುಂಡು ಕಥೆಯಿಂದಲೇ ಮಾಯವಾಯಿತು. ಗುಂಪಿನವರು ಸ್ವಲ್ಪ ಹೊತ್ತು ಕಾದರು, ಆಮೇಲೆ ಚೆನ್ನಾಗಿ ಓದುವವಳು ಅವನ ಕೈಯಿಂದ ಹಾಳೆ ತೆಗೆದುಕೊಂಡು ತಾನೇ ಓದಿ ಹೇಳಿದಳು. ಅವನ ಮುಖ ನೋಡಿದ ಮೇಲೆ ಶಿಕ್ಷಕಿ ಆ ವಿಧಾನವನ್ನು ಅಷ್ಟಕ್ಕೇ ನಿಲ್ಲಿಸಿದರು. ಒಂದೇ ತುಂಡು ಸಿಕ್ಕವರೆಲ್ಲ ಮೊದಲು ಒಟ್ಟಿಗೆ ಕುಳಿತು ಸಿದ್ಧವಾಗುವ ಹಂತವೊಂದು ಆ ವಿಧಾನದಲ್ಲಿದೆ. ಅದಕ್ಕೆ ಬೇಕಾದಷ್ಟು ಹೊತ್ತನ್ನು ಒಂದು ಅವಧಿಯೊಳಗೆ ಹೊಂದಿಸುವುದು ನಮ್ಮಿಂದ ಆಗುತ್ತಿರಲಿಲ್ಲ.

ಮೂರನೆಯದು ಮಾತೃಭಾಷೆಯ ಪ್ರಶ್ನೆ. ಇದರ ಬಗ್ಗೆ ನಾವಿಬ್ಬರೂ ಬಹಳ ವಾದಿಸಿದೆವು. ಕಥೆಯನ್ನು ಮೊದಲೇ ಮಾತೃಭಾಷೆಯಲ್ಲಿ ಹೇಳಿಬಿಡುವುದರಿಂದಲೇ ಮಕ್ಕಳಿಗೆ ಇಂಗ್ಲಿಷ್ ಓದುವ ಅಗತ್ಯ ಬೀಳುತ್ತಿಲ್ಲ ಎಂಬುದು ಸ್ಪಷ್ಟವಾಗಿತ್ತು. ಆದ್ದರಿಂದ ಇನ್ನು ಮುಂದೆ ತರಗತಿಯಲ್ಲಿ ಇಂಗ್ಲಿಷ್ ಮಾತ್ರ ಎಂದು ಶಿಕ್ಷಕಿ ಸಾರಿದರು. ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡರು. ಮೊದಲು ಉತ್ಸಾಹದಿಂದ ಕೈ ಎತ್ತುತ್ತಿದ್ದವರೂ ತಲೆ ತಗ್ಗಿಸಿದರು. ಒಬ್ಬಿಬ್ಬರು ಗೈಡಿನ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸತೊಡಗಿದರು. ಯಾರಿಗೆ ಅರ್ಥವಾಗಿದೆ, ಯಾರಿಗೆ ಇಲ್ಲ ಎಂದು ತಿಳಿಯುವ ದಾರಿಯೇ ಮುಚ್ಚಿಹೋಯಿತು.

ಕೊನೆಗೆ ಅವರು ಆಯ್ದುಕೊಂಡ ನಿಯಮ ನನಗೆ ಈ ಇಡೀ ಪ್ರಕರಣದ ಅತ್ಯಂತ ವಿವೇಕದ ತೀರ್ಮಾನ ಎನಿಸುತ್ತದೆ. ಕಥೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಓದಿದ ಮೇಲೆ ಅದರ ಬಗ್ಗೆ ಯಾವ ಭಾಷೆಯಲ್ಲಾದರೂ ಮಾತಾಡಬಹುದು. ಏನೇ ಹೇಳಿದರೂ ಅದಕ್ಕೆ ಆಧಾರವಾದ ಸಾಲನ್ನು ಇಂಗ್ಲಿಷ್ ಪಠ್ಯದಲ್ಲಿ ತೋರಿಸಬೇಕು. ಓದಿ ಅರ್ಥ ಮಾಡಿಕೊಳ್ಳುವುದು ಒಂದು ಕೆಲಸ, ಅರ್ಥವಾದದ್ದನ್ನು ಇಂಗ್ಲಿಷಿನಲ್ಲಿ ಹೇಳುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದರೆ, ಮೊದಲನೆಯದನ್ನು ಮಾಡಬಲ್ಲ ಮಗು ಎರಡನೆಯದಕ್ಕೆ ಅಂಜಿ ಎರಡನ್ನೂ ಬಿಡುತ್ತದೆ.

ಮುಗಿದ ಪಾಠಕ್ಕೆ ಮರಳಿದ್ದು

ಶೇಕಡಾ 98ರ ಲೆಕ್ಕ ಶಿಕ್ಷಕಿಯ ತಲೆಯಲ್ಲಿ ಉಳಿದಿತ್ತು. ಈ ಮಕ್ಕಳಿಗೆ ಬಹುತೇಕ ಎಲ್ಲ ಪದಗಳೂ ಗೊತ್ತಿರುವ ಇಂಗ್ಲಿಷ್ ಪಠ್ಯ ಎಲ್ಲಿದೆ ಎಂದು ಹುಡುಕುತ್ತ ಹೋದಾಗ, ಅದು ಅವರ ಚೀಲದಲ್ಲೇ ಇತ್ತು. ಪದಗಳ ಅರ್ಥ ಬರೆಸಿ, ಪ್ರಶ್ನೋತ್ತರ ಬರೆಸಿ, ಮುಗಿಯಿತು ಎಂದು ಗುರುತು ಹಾಕಿದ್ದ ಪಾಠಗಳೇ ಆ ಪಠ್ಯ. ಅವುಗಳ ಪದಗಳು ಗೊತ್ತು, ಕಥೆಯೂ ಗೊತ್ತೆಂದು ಮಕ್ಕಳು ನಂಬಿದ್ದಾರೆ, ಆದರೆ ಓದಿಲ್ಲ. ಮಕ್ಕಳು ಬೇಸರಪಟ್ಟುಕೊಂಡಾರು, ಸಹೋದ್ಯೋಗಿಗಳು ಆಡಿಕೊಂಡಾರು ಎಂಬ ಅಳುಕಿದ್ದರೂ ಅವರು ಶೂ ಬಚ್ಚಿಟ್ಟ ತಂಗಿಯ ಕಥೆಗೆ ಮರಳಿದರು.

ಮೊದಲು ಎಲ್ಲರೂ ಪುಸ್ತಕದ ಅಂಚಿನಲ್ಲಿ ಐದೈದು ಸಾಲಿಗೊಮ್ಮೆ ಪೆನ್ಸಿಲಿನಿಂದ ಸಂಖ್ಯೆ ಹಾಕಿಕೊಂಡರು. ಆಮೇಲೆ ಶಿಕ್ಷಕಿ ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆದರು: ಶೂ ಬಚ್ಚಿಟ್ಟವರು ಯಾರೆಂದು ತಾಯಿಗೆ ಗೊತ್ತಿತ್ತೇ? ಗೈಡಿನಲ್ಲಿ ಈ ಪ್ರಶ್ನೆ ಇರಲಿಲ್ಲ. ಪಠ್ಯದಲ್ಲೂ ಇದಕ್ಕೆ ನೇರ ಉತ್ತರ ಇರಲಿಲ್ಲ.

ಗೊತ್ತಿರಲಿಲ್ಲ ಎಂದು ತರಗತಿ ಬಹುತೇಕ ಒಕ್ಕೊರಲಿನಿಂದ ಹೇಳಿತು. ಚುರುಕಿನ ವಿದ್ಯಾರ್ಥಿಯೊಬ್ಬ ಕಾರಣವನ್ನೂ ಕೊಟ್ಟ: ಗೊತ್ತಿದ್ದರೆ ತಾಯಿ ಬೈಯುತ್ತಿದ್ದಳು, ಬೈದಿಲ್ಲ, ಆದ್ದರಿಂದ ಗೊತ್ತಿಲ್ಲ. "ಸಾಲು ತೋರಿಸಿ" ಎಂದರು ಶಿಕ್ಷಕಿ. ಪುಸ್ತಕಗಳು ತೆರೆದುಕೊಂಡವು. ಈ ಹೊತ್ತಿನಲ್ಲಿ ಅವರು ಏನೂ ಮಾತಾಡದೆ ನಿಂತರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೂ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಮೌನವಾಗಿರುತ್ತಿದ್ದವರೂ ಮಾತಾಡುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟಿದ್ದರು. ಅಂದು ಶಿಕ್ಷಕಿ ಕಾದದ್ದು ಮೂರು ಸೆಕೆಂಡಿಗಿಂತ ಬಹಳ ಹೆಚ್ಚು.

ಕೊನೆಗೆ ಕೈ ಎತ್ತಿದ್ದು, ಹಿಂದೆ ಯಾರ ಕೈಯಿಂದ ಹಾಳೆ ಕಸಿಯಲಾಗಿತ್ತೋ ಅದೇ ಹುಡುಗ. ಅವನು 31ನೆಯ ಸಾಲನ್ನು ಪದ ಪದವಾಗಿ, ಬೆರಳಿಟ್ಟು ಓದಿದ. ತಾಯಿ ಹಳೆಯ ಚಪ್ಪಲಿಗಳನ್ನು ಒರೆಸಿ ಬಾಗಿಲ ಬಳಿ ಇಟ್ಟಳು ಎಂಬ ವಾಕ್ಯ ಅದು. ಆಮೇಲೆ 36ನೆಯ ಸಾಲಿಗೆ ಹೋದ. ಅಣ್ಣ ಮಂಚದ ಕೆಳಗೆ ಬಗ್ಗಿ ಶೂ ಹುಡುಕತೊಡಗಿದ ಎಂದು ಅಲ್ಲಿತ್ತು. ಬಳಿಕ ಮಾತೃಭಾಷೆಯಲ್ಲಿ ಹೇಳಿದ: "ಅವನು ಹುಡುಕುವುದಕ್ಕಿಂತ ಮೊದಲೇ ಅಮ್ಮ ಚಪ್ಪಲಿ ಇಟ್ಟಿದ್ದಾಳೆ ಟೀಚರ್. ಶೂ ಸಿಗುವುದಿಲ್ಲ ಅಂತ ಅವಳಿಗೆ ಗೊತ್ತು."

ಆಮೇಲಿನ ಕೆಲವು ನಿಮಿಷ ಯಾರೂ ಹೇಳದೆಯೇ ಇಡೀ ತರಗತಿ ಓದಿತು. ಪುಟಗಳು ಹಿಂದಕ್ಕೆ ತಿರುಗಿದವು. ಒಬ್ಬಳು 28ನೆಯ ಸಾಲು ಹಿಡಿದಳು: ತಾಯಿ ಮಗಳಿಗೆ ಹೊದಿಕೆ ಸರಿಪಡಿಸಿ, ಅವಳ ಮುಖವನ್ನು ಬಹಳ ಹೊತ್ತು ನೋಡುತ್ತಾಳೆ. ಇನ್ನೊಬ್ಬ ಅದಕ್ಕೆ ತಕರಾರು ತೆಗೆದ: ತಾಯಂದಿರು ಮಲಗಿದ ಮಕ್ಕಳನ್ನು ಹಾಗೆಯೇ ನೋಡುತ್ತಾರೆ, ಅದು ಆಧಾರವಾಗುವುದಿಲ್ಲ. ತಕರಾರು ನ್ಯಾಯವಾದದ್ದೇ. ಶಿಕ್ಷಕಿ ಇಬ್ಬರ ಮಾತನ್ನೂ ಬೋರ್ಡಿನ ಮೇಲೆ ಬರೆದರು, ತೀರ್ಪು ಕೊಡಲಿಲ್ಲ. ಅಷ್ಟರಲ್ಲಿ ಸ್ವಾಗತ ಭಾಷಣದ ಹುಡುಗಿ ಕೇಳಿದಳು: "ಗೊತ್ತಿದ್ದರೆ ಅವಳು ಶೂ ತೆಗೆದು ಮಗನಿಗೆ ಯಾಕೆ ಕೊಡಲಿಲ್ಲ?" ಆ ಕಥೆಯ ಬಗ್ಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಅದು. ಅದನ್ನು ಕೇಳಿದವಳು, ಓದಿದ್ದರಲ್ಲಿ ಯಾರು ಯಾರಿಗೆ ಹಣ ಕೊಟ್ಟರೆಂದು ಹೇಳಲಾಗದೆ ಕುಳಿತಿದ್ದವಳು.

ನಾನು ಈ ತರಗತಿಯನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಪ್ರಶ್ನೆಗೆ ಒಂದು ಗುಣವಿತ್ತು: ಪುಸ್ತಕ ತೆರೆಯದೆ ಅದನ್ನು ಉತ್ತರಿಸಲು ಆಗುತ್ತಿರಲಿಲ್ಲ. ಸಾರಾಂಶ ಗೊತ್ತಿದ್ದವರನ್ನು ಅದು ತಪ್ಪು ಉತ್ತರಕ್ಕೇ ಕರೆದೊಯ್ಯುತ್ತಿತ್ತು. ನಿಧಾನವಾಗಿ ಓದುವ ಹುಡುಗನಿಗೆ ಅಲ್ಲಿ ಒಂದು ಅನುಕೂಲವೂ ಇತ್ತು. ಸಾಲುಗಳನ್ನು ಹಾರಿಸಿಕೊಂಡು ಹೋಗುವ ವೇಗ ಅವನಿಗೆ ಇರಲಿಲ್ಲ, ಹಾಗಾಗಿ ಯಾವುದು ಮೊದಲು ಯಾವುದು ಆಮೇಲೆ ಎಂಬುದು ಅವನ ಕಣ್ಣಿಗೆ ಬಿತ್ತು.

ಹೊಸ ರೂಢಿ

ಅಂದಿನಿಂದ ಶಿಕ್ಷಕಿ ಪ್ರತಿ ಚಟುವಟಿಕೆಯನ್ನೂ ಯೋಜನೆಗೆ ಸೇರಿಸುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳತೊಡಗಿದರು: ಪಾಠವನ್ನು ಓದಿರದ ಮಗು ಇದನ್ನು ಮಾಡಿ ಮುಗಿಸಬಲ್ಲದೇ? ಮುಗಿಸಬಲ್ಲದಾದರೆ ಆ ಚಟುವಟಿಕೆ ಓದಿನ ಅವಧಿಗೆ ಸೇರುವುದಿಲ್ಲ. ಚಾರ್ಟುಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯ ಮುಂದೆ ನಿಲ್ಲಲಿಲ್ಲ. ಪಾತ್ರಾಭಿನಯ ಉಳಿಯಿತು, ಬೇರೆ ರೀತಿಯಲ್ಲಿ: ಪಠ್ಯದಲ್ಲಿರುವ ಮಾತುಗಳನ್ನು ಬಿಟ್ಟು ಬೇರೆ ಮಾತು ಸೇರಿಸುವಂತಿಲ್ಲ, ಪಠ್ಯದಲ್ಲಿ ಮೌನವಿದ್ದರೆ ಮೌನವನ್ನೇ ಅಭಿನಯಿಸಬೇಕು. ಮಾತಿಲ್ಲದ ತಾಯಿಯಾಗಿ ನಿಲ್ಲುವುದು ಎಷ್ಟು ಕಷ್ಟ ಎಂಬುದು ಮಕ್ಕಳಿಗೆ ಆಗ ತಿಳಿಯಿತು. ಎಲ್ಲಿ ನೋಡಬೇಕು, ಚಪ್ಪಲಿಯನ್ನು ಯಾವಾಗ ಇಡಬೇಕು ಎಂದು ಅವರು ಮತ್ತೆ ಮತ್ತೆ ಪುಸ್ತಕಕ್ಕೆ ಹೋಗಬೇಕಾಯಿತು.

ಹೊಸ ಪಾಠಗಳಲ್ಲಿ ಅವಧಿಯ ನಡೆ ಬದಲಾಯಿತು. ಮೊದಲ ಭಾಗಕ್ಕೆ ಶಿಕ್ಷಕಿಯ ಆದರ್ಶ ವಾಚನ, ಮಕ್ಕಳ ಕಣ್ಣು ಸಾಲಿನ ಮೇಲೆ. ನಿರ್ಣಾಯಕವಾದ ಜಾಗದಲ್ಲಿ ನಿಲ್ಲಿಸಿ, ಮುಂದಿನ ಅರ್ಧ ಪುಟವನ್ನು ಒಂದು ಪ್ರಶ್ನೆಯೊಂದಿಗೆ ಮೌನವಾಗಿ ಓದಲು ಬಿಡುತ್ತಿದ್ದರು. ನಂತರ ಪಕ್ಕದವರ ಜೊತೆ ಸ್ವಲ್ಪ ಹೊತ್ತು ಮಾತು, ಅದಾದ ಮೇಲೆಯೇ ಇಡೀ ತರಗತಿಯ ಮುಂದೆ ಉತ್ತರ. ಫ್ರ್ಯಾಂಕ್ ಲೈಮನ್ 1981ರಲ್ಲಿ ಪರಿಚಯಿಸಿದ ಯೋಚಿಸು, ಜೊತೆಗೂಡು, ಹಂಚಿಕೋ ಎಂಬ ಕ್ರಮವೇ ಇದು. ಜೋಡಿಯಲ್ಲಿ ಅಡಗಲು ಜಾಗ ಕಡಿಮೆ, ಐದಾರು ಜನರ ಗುಂಪಿನಲ್ಲಿ ಬಹಳ. ಸರದಿ ಓದು ಪೂರ್ತಿ ನಿಂತಿತು. ಗಟ್ಟಿಯಾಗಿ ಓದುವುದು ನಿಲ್ಲಲಿಲ್ಲ, ಏಕೆಂದರೆ ತಾನು ಹೇಳಿದ್ದಕ್ಕೆ ಆಧಾರವಾದ ಸಾಲನ್ನು ಪ್ರತಿಯೊಬ್ಬರೂ ಎಲ್ಲರಿಗೂ ಕೇಳುವಂತೆ ಓದಲೇಬೇಕಿತ್ತು. ಒಬ್ಬರು ಓದುವಾಗ ಉಳಿದವರಿಗೆ ಕೇಳಿಸಿಕೊಳ್ಳಲು ಈಗ ಕಾರಣವಿತ್ತು.

ಮಾಹಿತಿಪ್ರಧಾನ ಪಾಠಗಳಲ್ಲಿ ಇನ್ನೊಂದು ಹೊಂದಾಣಿಕೆ ಬೇಕಾಯಿತು. ಜೇನುನೊಣಗಳ ನೃತ್ಯದ ಬಗ್ಗೆ ಒಂದು ಪಾಠವಿತ್ತು. ಜೇನುನೊಣವು ಹುಟ್ಟಿಯ ಮೇಲೆ ಲಂಬ ರೇಖೆಗೆ ಎಷ್ಟು ಓರೆಯಾಗಿ ಕುಣಿಯುತ್ತದೆಯೋ, ಹೂವಿನ ದಿಕ್ಕು ಸೂರ್ಯನ ದಿಕ್ಕಿನಿಂದ ಅಷ್ಟೇ ಓರೆಯಾಗಿರುತ್ತದೆ ಎಂಬುದು ಅದರ ವಿಷಯ. ಈ ಸಂಗತಿಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1973ರ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಒಬ್ಬರು. ಇದನ್ನು ಮೊದಲೇ ತಿಳಿದವರಿಗೆ ವಾಕ್ಯಗಳು ಸುಲಭ, ತಿಳಿಯದವರಿಗೆ ಪ್ರತಿ ಪದ ಗೊತ್ತಿದ್ದರೂ ವಾಕ್ಯ ಕಗ್ಗಂಟು. ರೆಕ್ಟ್ ಮತ್ತು ಲೆಸ್ಲಿ 1988ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಹೇಳುತ್ತದೆ. ಬೇಸ್‌ಬಾಲ್ ಆಟದ ಬಗ್ಗೆ ಚೆನ್ನಾಗಿ ತಿಳಿದಿದ್ದ, ಆದರೆ ಓದಿನಲ್ಲಿ ಹಿಂದಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದರೂ ಆ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಆಟದ ವಿವರಣೆಯನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಹಾಗಾಗಿ ಶಿಕ್ಷಕಿ ಮೊದಲ ಹತ್ತು ನಿಮಿಷ ಬೋರ್ಡಿನ ಮೇಲೆ ಸೂರ್ಯ, ಹುಟ್ಟಿ, ಹೂವು ಬರೆದು ಕೋನವನ್ನು ಮಾತೃಭಾಷೆಯಲ್ಲೇ ವಿವರಿಸಿದರು. ಪಾಠದ ಸಾರಾಂಶ ಹೇಳಲಿಲ್ಲ. ಪಾಠ ಅರ್ಥವಾಗಲು ಬೇಕಾದ ಪೂರ್ವಜ್ಞಾನವನ್ನು ಕೊಡುವುದು ಬೇರೆ, ಪಾಠವನ್ನೇ ಬಾಯಿಗೆ ಹಾಕುವುದು ಬೇರೆ. ಈ ಗೆರೆಯನ್ನು ಪ್ರತಿ ಪಾಠಕ್ಕೂ ಹೊಸದಾಗಿ ಎಳೆಯಬೇಕಾಗುತ್ತದೆ.

ಪಾಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ವಿವರಿಸಿದ ಪರಸ್ಪರ ಬೋಧನೆಯಲ್ಲಿ ಮಕ್ಕಳು ಮುಂದೇನೆಂದು ಊಹಿಸುವುದು, ಪ್ರಶ್ನೆ ಕೇಳುವುದು, ಗೊಂದಲ ಬಿಡಿಸಿಕೊಳ್ಳುವುದು, ಸಾರ ಹೇಳುವುದು ಎಂಬ ನಾಲ್ಕು ಕೆಲಸಗಳನ್ನು ಮಾಡುತ್ತಾರೆ. ಶಿಕ್ಷಕಿ ನಾಲ್ಕನ್ನೂ ಒಟ್ಟಿಗೆ ಹಂಚಿದಾಗ ಅದು ಮತ್ತೆ ಪಾತ್ರ ಹಂಚಿಕೆಯ ಶಾಸ್ತ್ರವಾಗಿ ಬಿಟ್ಟಿತು. ಪ್ರಶ್ನೆ ಕೇಳುವುದು ಮತ್ತು ಗೊಂದಲ ಬಿಡಿಸಿಕೊಳ್ಳುವುದು, ಈ ಎರಡನ್ನು ಮಾತ್ರ ಉಳಿಸಿಕೊಂಡರು. ಇಲ್ಲಿ ನನಗೆ ಅರ್ಥವಾಗಲಿಲ್ಲ ಎಂದು ಸಾಲಿನ ಸಂಖ್ಯೆ ಸಮೇತ ಹೇಳುವುದು ಗೌರವದ ಮಾತಾಗಿ ಆ ತರಗತಿಯಲ್ಲಿ ನೆಲೆಸಿತು.

ಫಲಿತಾಂಶ

ವರ್ಷದ ಕೊನೆಯ ಹೊತ್ತಿಗೆ, ಹೊಸ ಗದ್ಯಭಾಗದ ಕೆಳಗೆ ಖಾಲಿ ಬಿಟ್ಟ ಉತ್ತರಗಳು ತೀರಾ ಕಡಿಮೆಯಾದವು. ಸಾಲುಗಳನ್ನು ಇಡಿಯಾಗಿ ನಕಲು ಮಾಡುವುದರ ಬದಲು ಮಕ್ಕಳು ತಪ್ಪು ಕಾಗುಣಿತದ, ಮುರಿದ ಇಂಗ್ಲಿಷಿನಲ್ಲಿ ತಮ್ಮದೇ ವಾಕ್ಯ ಬರೆಯತೊಡಗಿದರು. ಅಂಕಗಳು ಏರಿದವು, ಹೇಳಿಕೊಳ್ಳುವಷ್ಟೇನೂ ಅಲ್ಲ. ಮುರಿದ ವಾಕ್ಯಕ್ಕೆ ಪೂರ್ತಿ ಅಂಕ ಸಿಗುವುದಿಲ್ಲ. ಬಾಯಿಪಾಠದಲ್ಲಿ ಗಟ್ಟಿಯಾಗಿದ್ದ ಕೆಲವರ ಅಂಕ ನಡುವೆ ಇಳಿಯಿತು. ಆ ಮಕ್ಕಳ ಪೋಷಕರಿಗೆ ಉತ್ತರ ಹೇಳುವುದು ಶಿಕ್ಷಕಿಗೆ ಸುಲಭವಾಗಲಿಲ್ಲ. ಪಾಠಗಳೂ ಹಿಂದೆ ಬಿದ್ದವು. ಪದ್ಯಗಳಲ್ಲಿ ಕೆಲವನ್ನು ಅವರು ಹಳೆಯ ಕ್ರಮದಲ್ಲೇ, ಅರ್ಥ ಹೇಳಿ ಮುಗಿಸಬೇಕಾಯಿತು. ಈ ಬೆಲೆಯನ್ನು ತೆರಲು ಸಾಧ್ಯವಾದದ್ದು ಮುಖ್ಯ ಶಿಕ್ಷಕರು ಜೊತೆಗೆ ನಿಂತದ್ದರಿಂದ. ಗೋಡೆಯ ಮೇಲಿನ ಚಾರ್ಟುಗಳು ಕಡಿಮೆಯಾದಾಗ ಅವರು ಕಾರಣ ಕೇಳಿದರು, ಒಂದು ಅವಧಿ ಬಂದು ಕುಳಿತರು, ಆಮೇಲೆ ಮತ್ತೆ ಕೇಳಲಿಲ್ಲ.

ಅಕ್ಷರ ಕೂಡಿಸಿ ಓದಲಾರದ ಮಕ್ಕಳ ವಿಷಯದಲ್ಲಿ ಈ ಇಡೀ ಪ್ರಯತ್ನ ಅಷ್ಟಾಗಿ ನೆರವಾಗಲಿಲ್ಲ. ಪುಟವೇ ತೆರೆದುಕೊಳ್ಳದ ಮಗುವಿಗೆ ಸಾಲು ತೋರಿಸಿ ಎಂಬುದು ಬರಿಯ ಹೊರೆ. ಅವರಿಗಾಗಿ ಶಿಕ್ಷಕಿ ಊಟದ ಬಿಡುವಿನಲ್ಲಿ ಪ್ರತ್ಯೇಕವಾಗಿ ಕುಳಿತರು. ಜೇ ಸ್ಯಾಮ್ಯುಯೆಲ್ಸ್ 1979ರಲ್ಲಿ ವಿವರಿಸಿದಂತೆ, ಒಂದೇ ಚಿಕ್ಕ ಪ್ಯಾರಾವನ್ನು ಸರಾಗವಾಗುವವರೆಗೆ ಮತ್ತೆ ಮತ್ತೆ ಓದಿಸುವ ಕ್ರಮ ಹಿಡಿದರು. ಕೆಲವರು ಮುಂದೆ ಬಂದರು. ಅಕ್ಷರ ಮತ್ತು ಧ್ವನಿಯ ಸಂಬಂಧವೇ ಗಟ್ಟಿಯಾಗಿರದ ಇಬ್ಬರಿಗೆ ಇದೂ ಸಾಲಲಿಲ್ಲ. ಅವರಿಗೆ ಬೇಕಾಗಿದ್ದುದು ಮೊದಲ ಮೆಟ್ಟಿಲಿನ ಕಲಿಕೆ. ಅದನ್ನು ಒಂಬತ್ತನೆಯ ತರಗತಿಯ ವೇಳಾಪಟ್ಟಿಯಲ್ಲಿ ಎಲ್ಲಿ ಇಡಬೇಕೆಂಬುದಕ್ಕೆ ಶಾಲೆಯ ಬಳಿ ಉತ್ತರ ಇರಲಿಲ್ಲ.

ಬೇರೆ ತರಗತಿಗಳಲ್ಲಿ ಇದನ್ನು ಮಾಡಹೊರಟವರಿಗೆ ನಾನು ಹೇಳುವುದು ಮೂರೇ ಮಾತು. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಓದಿಸಿ, ಅರ್ಥ ಕೇಳುವ ಕೆಲಸವನ್ನು ಮೊದಲು ಮಾಡಿ. ಅದಿಲ್ಲದೆ ಯಾವ ಚಟುವಟಿಕೆ ಯಾರಿಗೆಂದು ತಿಳಿಯುವುದಿಲ್ಲ. ಹೊಸ ಪಾಠದಿಂದ ಶುರು ಮಾಡಬೇಡಿ, ಮುಗಿದ ಪಾಠವೊಂದನ್ನು ಆರಿಸಿಕೊಳ್ಳಿ. ಪ್ರಶ್ನೆ ಕಟ್ಟಲು ಹೆಚ್ಚು ಹೊತ್ತು ಕೊಡಿ. ತಾಯಿಗೆ ಗೊತ್ತಿತ್ತೇ ಎಂಬ ಆ ಪ್ರಶ್ನೆ ಹೊಳೆಯುವ ಮುನ್ನ ಶಿಕ್ಷಕಿ ಆ ನಾಲ್ಕು ಪುಟಗಳನ್ನು ಹೊಸದಾಗಿ, ಗೈಡನ್ನೂ ತಮ್ಮ ಹಳೆಯ ಟಿಪ್ಪಣಿಗಳನ್ನೂ ಪಕ್ಕಕ್ಕಿಟ್ಟು, ಹಲವು ಸಲ ಓದಿದ್ದರು.

ಮುಂದಿನ ವರ್ಷದ ಪಾಠ ಯೋಜನೆಯಲ್ಲಿ ಅವರು ಎರಡು ಬದಲಾವಣೆಗಳನ್ನು ಬರೆದುಕೊಂಡಿದ್ದಾರೆ. ಒಬ್ಬೊಬ್ಬರನ್ನು ಓದಿಸಿ ನೋಡುವ ಕೆಲಸ ಈ ಬಾರಿ ಎಂಟನೆಯ ತರಗತಿಯ ಮೊದಲ ತಿಂಗಳಲ್ಲೇ ನಡೆಯುತ್ತದೆ. ಅಕ್ಷರದಲ್ಲೇ ಹಿಂದುಳಿದವರಿಗೆ ದಿನಕ್ಕೆ ಅರ್ಧ ಗಂಟೆಯ ಪ್ರತ್ಯೇಕ ಅವಧಿ ಬೇಕೆಂದು ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ಕೇಳಿದ್ದಾರೆ. ವೇಳಾಪಟ್ಟಿ ಇನ್ನೂ ಅಂತಿಮವಾಗಿಲ್ಲ.